ಸೂಜಿ ಕೆಳಗಿದ್ದಾಗ

ನನಗೆ ಕೋಪ ಮೂಗಿನ ತುದಿಯಲ್ಲೇ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವೇ ಕಂಡುಹಿಡಿಯುವ ಶ್ರಮ ಬೇಡ. ನನ್ನನ್ನು ಸಹಿಸಿಕೊಂಡವಳು ಅಕ್ಕ ಒಬ್ಬಳೇ. ಅಮ್ಮ ಹೋದಾಗ ನನಗೆ ಆರು, ಅವಳಿಗೆ ಹದಿನೇಳು. ಬಟ್ಟೆ ಹೊಲಿದು ನನ್ನನ್ನು ಸಾಕಿದಳು, ಆಮೇಲೆ ಆ ಹೊಲಿಗೆಯನ್ನೇ ಕಲಿಸಿದಳು.

ಅವಳದೊಂದು ಕಟ್ಟಪ್ಪಣೆ ಇತ್ತು. ಮಷೀನಿನ ಸೂಜಿ ಬಟ್ಟೆಯೊಳಗೆ ಇಳಿದಿದ್ದಾಗ ಹೊಲಿಯುವವರನ್ನು ಯಾರೂ ಕರೆಯಕೂಡದು. ಕರೆದರೆ ಕೈ ಅಲುಗುತ್ತದೆ, ಹೊಲಿಗೆ ಸೊಟ್ಟಗಾಗುತ್ತದೆ. ಚಿಕ್ಕವಳಿದ್ದಾಗ ಒಮ್ಮೆ ಬಿದ್ದು ಮಂಡಿ ಒಡೆದುಕೊಂಡು ಬಂದ ನಾನು, ಅವಳ ಸೂಜಿ ಮೇಲೇಳುವವರೆಗೆ ರಕ್ತ ಸುರಿಸುತ್ತಾ ಬಾಗಿಲಲ್ಲೇ ನಿಂತಿದ್ದೆ. ತಿರುಗಿ ನೋಡಿದವಳು ಹೌಹಾರಿದಳು. "ಏನೇ ಗೂಬೆ, ಇದಕ್ಕೂ ಕಾಯ್ತಾರಾ?" ಎಂದು ಬೈದಳು. ಆಮೇಲೆ ತಾನೇ ಅತ್ತಳು.

ಎರಡು ವರ್ಷದ ಹಿಂದೆ ಅಕ್ಕನಿಗೆ ಲಕ್ವ ಹೊಡೆಯಿತು. ಬಲಭಾಗ ಹೋಯಿತು, ಜೊತೆಗೆ ಮಾತೂ ಹೋಯಿತು. ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ಹಿತ್ತಾಳೆ ಟೋಪಿಯನ್ನು ಅವಳ ಎಡಗೈಗೆ ತೊಡಿಸಿದೆ. ಏನು ಬೇಕಾದರೂ ಮಂಚದ ಕಬ್ಬಿಣಕ್ಕೆ ಅದನ್ನು ಬಡಿಯುತ್ತಿದ್ದಳು, ಟಣ್ ಟಣ್ ಎಂದು. ಬಾಗಿಲಿನಾಚೆ, ಅವಳಿಗೆ ಕಾಣುವಂತೆ ನನ್ನ ಮಷೀನು. ನೀರಿಗೆಂದು ಮಷೀನು ಬಿಟ್ಟು ಏಳು, ಮಗ್ಗುಲು ಬದಲಿಸಲು ಏಳು, ಬೆಡ್‌ಪ್ಯಾನಿಗೆ ಏಳು. ದಿನಕ್ಕೆ ನಲವತ್ತು ಸಲ ಅಂದರೆ ಸುಳ್ಳಲ್ಲ.

ಒಂದು ಮಧ್ಯಾಹ್ನ ಗಿರಾಕಿಯೊಬ್ಬಳು ಅಂಗಿಯ ತೋಳು ಸರಿಯಿಲ್ಲವೆಂದು ಜಗಳಕ್ಕೆ ನಿಂತಿದ್ದಳು. ಅದರ ನಡುವೆ ಐದನೇ ಸಲ ಟಣ್ ಅಂದಿತು. ಹೋಗಿ ಆ ಎಡಗೈ ಮೇಲೆ ಫಟಾರನೆ ಹೊಡೆದೆ. ಅಕ್ಕ ಅಳಲಿಲ್ಲ, ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡಳು. ಥೂ, ನನ್ನ ಜನ್ಮಕ್ಕಿಷ್ಟು! ನನಗೆ ತುತ್ತಿಟ್ಟ ಕೈ ಅದು. ಇನ್ನೊಂದು ಸಲ ಹೊಡೆದುಬಿಟ್ಟರೆ ಎಂಬ ಹೆದರಿಕೆಯಲ್ಲಿ ನನಗೆ ಊಟ ಸೇರದಾಯಿತು.

ಅಕ್ಕನಿಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋ ಮೇಡಂ ಹತ್ತಿರ ಹೇಳಿಕೊಂಡೆ.

"ದಿನಾ ಧ್ಯಾನ ಮಾಡಿ. ಕಣ್ಮುಚ್ಚಿ ಉಸಿರು ನೋಡ್ತಾ ಕೂತ್ಕೊಳ್ಳಿ, ಹತ್ತೇ ನಿಮಿಷ," ಎಂದರು.

"ಉಸಿರನ್ನೇನು ನೋಡೋದು ಮೇಡಂ? ಅದೇನು ಓಡಿಹೋಗುತ್ತಾ?"

"ಮೊದ್ಲು ಮಾಡಿ. ಆಮೇಲೆ ಬೈಯಿರಿ."

ನೆಲದಲ್ಲಿ ಕೂರಲು ಮಂಡಿ ಬಿಡದು. ಮಷೀನಿನ ಸ್ಟೂಲಿನ ಮೇಲೆಯೇ ಕೂತೆ. ಅರ್ಧ ಹೊಲಿದ ಬಟ್ಟೆ ಜಾರದಿರಲೆಂದು, ಅಭ್ಯಾಸಬಲದಿಂದ, ಸೂಜಿ ಇಳಿಸಿಯೇ ಕಣ್ಣು ಮುಚ್ಚಿದೆ. ಮೊದಮೊದಲು ಉಸಿರಿನ ಬದಲು ಗುಂಡಿ ಹಾಕದ ಅಂಗಿಗಳೇ ಕಂಡವು. ವಾರ ಕಳೆಯುವಷ್ಟರಲ್ಲಿ ಎದೆಯ ಮೇಲಿನ ಕಲ್ಲು ಸ್ವಲ್ಪ ಸರಿದ ಹಾಗಾಯಿತು. ಹತ್ತು ನಿಮಿಷ ಅರ್ಧ ಗಂಟೆಯಾಯಿತು, ದಿನಕ್ಕೊಮ್ಮೆ ಇದ್ದದ್ದು ಮೂರು ಸಲವಾಯಿತು. ರುಚಿ ಹತ್ತಿಬಿಟ್ಟಿತ್ತು.

ಆಶ್ಚರ್ಯವೆಂದರೆ, ಟಣ್ ಟಣ್ ಕೂಡ ಕಡಿಮೆಯಾಯಿತು. ನೀರಿನ ಲೋಟಗಳನ್ನು ಈಗ ಅವಳ ಎಡಗೈಗೆಟುಕುವಂತೆ ಇಟ್ಟಿರುತ್ತಿದ್ದೆ; ಬೆಡ್‌ಪ್ಯಾನಿಗೆ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಅಷ್ಟೇ. ಅಕ್ಕನ ಎಡಗೈ ಪಕ್ಕ, ಕಿಟಕಿಯ ಮೇಲಿನ ಕುಂಡದಲ್ಲಿ ಕಡ್ಡಿಯಾಗಿದ್ದ ಗುಲಾಬಿ ಚಿಗುರಿತು. "ನೋಡಿ ಮೇಡಂ, ನನ್ನ ಧ್ಯಾನ ಗಿಡಕ್ಕೂ ತಟ್ಟಿದೆ!" ಎಂದು ಜಂಬ ಕೊಚ್ಚಿದೆ. ಅಕ್ಕ ಬಾಯಿಯ ಒಂದು ಕೊನೆಯಿಂದ ನಕ್ಕಳು.

ಒಂದು ಬೆಳಿಗ್ಗೆ ಎಷ್ಟು ಕರೆದರೂ ಅಕ್ಕ ಕಣ್ಣು ಬಿಡಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನು ದುರುಗುಟ್ಟಿ ನೋಡಿದರು. "ನೀರು ಕೊಡ್ತಿರ್ಲಿಲ್ವಾ? ಮೈಯೆಲ್ಲಾ ಒಣಗಿದೆ. ಕಿಡ್ನಿ ನಿಂತೇಹೋಗಿದೆ."

ಮೈ ಉರಿದುಹೋಯಿತು. "ದಿನಕ್ಕೆ ಎಂಟು ಲೋಟ ತುಂಬಿಸಿ ಕೈಗೆಟುಕೋ ಹಾಗೆ ಇಟ್ಟಿದ್ದೀನಿ ಡಾಕ್ಟ್ರೇ! ಎಂಟೂ ಖಾಲಿಯಾಗ್ತಿತ್ತು! ನಾನ್ಯಾಕೆ ಸುಳ್ಳು ಹೇಳ್ಲಿ?"

ಅಕ್ಕನ ಬಟ್ಟೆ ತರಲು ಮನೆಗೆ ಬಂದೆ. ಹೊದಿಕೆ ಮಡಿಸುವಾಗ ಕೈ ಕುಂಡಕ್ಕೆ ತಾಗಿತು. ಮಣ್ಣು ಕೆಸರಾಗಿತ್ತು. ಕುಂಡದ ಕೆಳಗಿಂದ ನೀರು ಇಳಿದು ಗೋಡೆಯ ಮೇಲೆ ಉದ್ದಕ್ಕೆ ಕಲೆ ಕಟ್ಟಿತ್ತು. ಆ ಗಿಡಕ್ಕೆ ನಾನು ಒಂದು ದಿನವೂ ನೀರು ಹಾಕಿದವಳಲ್ಲ.

ಮಂಚದ ಮೇಲೆ ಕೂತೆ. ಅಲ್ಲಿಂದ ನನ್ನ ಮಷೀನು ನೇರ ಕಾಣುತ್ತಿತ್ತು, ಸೂಜಿ ಇನ್ನೂ ಬಟ್ಟೆಯೊಳಗೇ ಇತ್ತು. ನೀರು ಕುಡಿದರೆ ಬೆಡ್‌ಪ್ಯಾನು ಬೇಕು, ಬೆಡ್‌ಪ್ಯಾನಿಗೆ ನನ್ನನ್ನು ಕರೆಯಬೇಕು. ನನ್ನ ಏಟಿಗೆ ಹೆದರಿದಳೋ, ತನ್ನ ಕಟ್ಟಪ್ಪಣೆಯನ್ನು ತಾನೇ ಪಾಲಿಸಿದಳೋ, ಇಲ್ಲ, ತಂಗಿ ಇನ್ನಷ್ಟು ಹೊತ್ತು ನೆಮ್ಮದಿಯಾಗಿ ಕೂರಲಿ ಎಂದುಕೊಂಡಳೋ? ಕೇಳೋಣವೆಂದರೆ ಅವಳಿಗೆ ಬಾಯಿಲ್ಲ. ಪುಣ್ಯಾತ್ಗಿತ್ತಿ, ಬಾಯಿದ್ದಿದ್ದರೂ ಹೇಳುತ್ತಿರಲಿಲ್ಲ.

ಹೊರಡುವ ಮುಂಚೆ ಮಷೀನಿನ ಸೂಜಿ ಮೇಲೆತ್ತಿದೆ.

ಆಸ್ಪತ್ರೆಯಲ್ಲಿ ಅವಳ ಬೆರಳಿಗೆ ಆ ಟೋಪಿ ತೊಡಿಸಿ, ಕೈಯನ್ನು ಮಂಚದ ಕಬ್ಬಿಣದ ಮೇಲಿಟ್ಟೆ. "ಸೂಜಿ ಎತ್ತಿದೀನಿ ಕಣೇ ಅಕ್ಕಾ. ಬಡಿ. ನೂರು ಸಲ ಬಡಿ, ಏಳ್ತೀನಿ." ಎರಡು ದಿನ ಕಣ್ಣು ತೆರೆದುಕೊಂಡು ಅವಳ ಉಸಿರು ನೋಡುತ್ತಾ ಕೂತೆ. ಮೂರನೇ ಬೆಳಿಗ್ಗೆ ಅದು ನಿಂತಿತು. ನರ್ಸ್ ಟೋಪಿ ಬಿಚ್ಚಿ ನನ್ನ ಅಂಗೈಗಿಟ್ಟಳು.

"ಏನೇ ಗೂಬೆ," ಎಂದು ಅಕ್ಕನನ್ನು ಬೈದೆ, "ಇದಕ್ಕೂ ಕಾಯ್ತಾರಾ?"

ಆಮೇಲೆ ಅತ್ತುಬಿಟ್ಟೆ.