ಮೇಜಿನ ಸರದಿ

ಇಂದಿರಮ್ಮ ಅಕ್ಟೋಬರ್ ತಿಂಗಳಲ್ಲಿ ಆಟ ನೋಡಲೆಂದು ಹೋದವರು. ಮೇಜಿನ ಮುಂದೆ ಒಮ್ಮೆ ಕೂತವರು ಏಪ್ರಿಲ್ ಬಂದರೂ ಎದ್ದಿರಲಿಲ್ಲ.

ಅವರಿದ್ದದ್ದು ರಾಟರ್‌ಡ್ಯಾಮಿನಲ್ಲಿ, ಮಗಳು ಸರಳಾಳ ಮನೆಯಲ್ಲಿ. ಮೇಲಿನ ಕೋಣೆಯಲ್ಲಿ ಅವರ ತಮ್ಮನ ಮಗಳು ಹಿತಾ ಇದ್ದಳು. ಹಿತಾ ಮೈಸೂರಿನಿಂದ ಎಂ.ಎಸ್. ಓದಲು ಬಂದು, ಓದಿಗಿಂತ ಒಂದು ಹಿಡಿ ಹೆಚ್ಚಾಗಿಯೇ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದಳು. ಅವಳ ಕಾಲೇಜಿನ ಹುಡುಗಿಯರ ತಂಡಕ್ಕೆ ಕೊಕ್ಕರೆಯ ಹೆಸರು. ಊರಿನ ಕಾಲುವೆಗಳ ಅಂಚಿನಲ್ಲಿ ಒಂಟಿಕಾಲಿನಲ್ಲಿ ನಿಂತು ಧ್ಯಾನ ಮಾಡುವ ಆ ಬೂದು ಹಕ್ಕಿಗಳ ಹಾಗೆಯೇ ಆ ಹುಡುಗಿಯರಿಗೂ ಮೊಳಕಾಲಿನಿಂದ ಕೆಳಗೆ ಕಾಲೇ ಮುಗಿಯದು. ಅವರ ನಡುವೆ ಹಿತಾ ಒಬ್ಬಳು ಗುಬ್ಬಚ್ಚಿ.

ಅಲ್ಲಿನ ಪದ್ಧತಿ ಇಂದಿರಮ್ಮನಿಗೆ ಮೊದಲ ದಿನವೇ ಹಿಡಿಸಿತ್ತು. ಆಡುವವರೇ ಸರದಿಯ ಮೇಲೆ ಬೇರೆಯವರ ಆಟಕ್ಕೆ ಮೇಜಿನಲ್ಲಿ ಕೂರಬೇಕು. ಒಬ್ಬರು ಅಂಕದ ಹಾಳೆಗೆ, ಒಬ್ಬರು ಗಡಿಯಾರಕ್ಕೆ, ಒಬ್ಬರು ಅಂಕ ತೋರಿಸುವ ಫಲಕಕ್ಕೆ. ಯಾರಾದರೂ ತಪ್ಪಿಸಿಕೊಂಡರೆ ಅವರ ತಂಡಕ್ಕೆ ಪಟ್ಟಿಯಲ್ಲಿ ಒಂದು ಅಂಕ ಕಡಿಮೆ. ಮದುವೆಮನೆಯಲ್ಲಿ ಉಂಡವರೇ ಮುಂದಿನ ಪಂಕ್ತಿಗೆ ಬಡಿಸಲು ನಿಲ್ಲುತ್ತಾರಲ್ಲ, ಹಾಗೆ. ಅಕ್ಟೋಬರಿನ ಆ ಶನಿವಾರ ಹಾಳೆ ಬರೆಯಬೇಕಾದವಳು ಬಂದಿರಲಿಲ್ಲ. ಹಿತಾ ಓಡಿಬಂದು ಕೈಹಿಡಿದು ಎಳೆದಿದ್ದಳು.

"ಅತ್ತೆ, ಪ್ಲೀಸ್. ನೀವು ಕೂತ್ಕೊಳ್ಳಿ, ಇಲ್ಲಾಂದ್ರೆ ಪಾಯಿಂಟ್ ಹೋಗುತ್ತೆ."

"ನಾನು ಆಡಿದ್ದು ಯಾವ ಕಾಲದಲ್ಲೇ? ನಿಮ್ಮಪ್ಪ ಆಗ ಚಡ್ಡಿ ಹಾಕ್ಕೊಂಡು ಗೋಲಿ ಆಡ್ತಿದ್ದ."

"ಆಟ ಅದೇ ಅತ್ತೆ. ರೂಲ್ಸ್ ಸ್ವಲ್ಪ ಚೇಂಜ್ ಆಗಿದೆ ಅಷ್ಟೆ. ನಾನು ಹೇಳ್ಕೊಡ್ತೀನಿ."

ಹೇಳಿಕೊಟ್ಟಳು. ಇಂದಿರಮ್ಮನ ದುಂಡು ಅಕ್ಷರ ನೋಡಿ ತಂಡದ ನಾಯಕಿ ಫೆಮ್ಕೆ ಬೆರಗಾದಳು. ಅಲ್ಲಿಂದಾಚೆಗೆ ಕೊಕ್ಕರೆಗಳ ಹಾಳೆಯ ಸರದಿ ಬಂದಾಗಲೆಲ್ಲ ಅವರೇ. ಹಿತಾ 'ಅತ್ತೆ' ಎಂದು ಕರೆಯುವುದನ್ನು ಕೇಳಿ ಹುಡುಗಿಯರೆಲ್ಲ ಅದು ಅವರ ಹೆಸರೇ ಎಂದುಕೊಂಡರು. ಬರೆದವರ ಹೆಸರಿನ ಜಾಗದಲ್ಲಿ ಫೆಮ್ಕೆ ತನ್ನ ಕೈಯಾರೆ 'ಅತ್ತೆ' ಎಂದು ತುಂಬಿಬಿಟ್ಟಿದ್ದಳು. ಹೀಗೆ ಆರು ತಿಂಗಳಲ್ಲಿ ಇಂದಿರಮ್ಮ ಆ ವಲಯದ ಕಾಲೇಜುಗಳಿಗೆಲ್ಲ ಅತ್ತೆಯಾದರು. ಚಳಿಗಾಲದಲ್ಲಿ ಯಾರೋ ಅವರ ಕುರ್ಚಿಗೆ ಒಂದು ದಿಂಬು ತಂದಿಟ್ಟಿದ್ದರು. ಯಾರೆಂದು ಕೊನೆಗೂ ತಿಳಿಯಲಿಲ್ಲ.

ಈಗ ಋತುವಿನ ಕೊನೆಯ ಶನಿವಾರ. ವಲಯದ ಐದೂ ಕಾಲೇಜುಗಳ ಉಳಿದ ಆಟಗಳೆಲ್ಲ ಒಂದೇ ದಿನ, ಒಂದೇ ಕ್ರೀಡಾಂಗಣದಲ್ಲಿ. ಕೊಕ್ಕರೆಗಳು ತಮ್ಮ ಕೊನೆಯ ಆಟ ಗೆದ್ದಾಗಿತ್ತು. ಉಳಿದದ್ದು ಹಾರ್ಲೆಮ್ ಮತ್ತು ಐಂಡ್‌ಹೋವನ್ ತಂಡಗಳ ಆಟ. ಹಾರ್ಲೆಮ್ ಸೋತರೆ ಪಟ್ಟಿಯ ಮೇಲ್ತುದಿಯಲ್ಲಿ ಕೊಕ್ಕರೆಗಳು, ಮೇ ತಿಂಗಳಿನಲ್ಲಿ ಗ್ರೋನಿಂಗನ್‌ನಲ್ಲಿ ನಡೆಯುವ ದೇಶಮಟ್ಟದ ಪಂದ್ಯಾವಳಿಗೆ ಅವರೇ. ಗೆದ್ದರೆ ಹಾರ್ಲೆಮ್. ಜೂನ್‌ನಲ್ಲಿ ಹಿತಾಳ ಓದು ಮುಗಿಯುತ್ತದೆ. ಕಾಲೇಜಿನ ಜರ್ಸಿಯನ್ನು ಅವಳು ಇನ್ನೆಂದೂ ತೊಡುವ ಹಾಗಿಲ್ಲ.

ಮತ್ತು ಆ ಆಟಕ್ಕೆ ಮೇಜಿನ ಸರದಿ ಕೊಕ್ಕರೆಗಳದೇ.

"ಇದೆಂಥ ನ್ಯಾಯವೇ, ನಮ್ಮ ಹಣೆಬರಹ ನಾವೇ ಬರೀಬೇಕಾ?" ಎಂದರು ಇಂದಿರಮ್ಮ, ಪೆನ್ನಿನ ಮುಚ್ಚಳ ತೆಗೆಯುತ್ತ.

"ಇಲ್ಲಿ ಯಾರೂ ಅದನ್ನ ಯೋಚ್ನೆ ಮಾಡಲ್ಲ ಅತ್ತೆ. ಸರದಿ ಅಂದ್ರೆ ಸರದಿ," ಎಂದಳು ಹಿತಾ. ಗೋಡೆಯ ದೊಡ್ಡ ಫಲಕ ಬೆಳಿಗ್ಗೆಯೇ ಕೆಟ್ಟು ಕೂತಿತ್ತು. ಆದ್ದರಿಂದ ಕೈಯಲ್ಲಿ ಹಾಳೆ ಮಗುಚುವ ಪುಟ್ಟ ಫಲಕವೊಂದನ್ನು ಮೇಜಿನ ಮೇಲಿಟ್ಟುಕೊಂಡು ಅವಳು ಕೂತಿದ್ದಳು. ಇಂದಿರಮ್ಮ ಅಂಕ ಹೇಳುವುದು, ಅವಳು ಮಗುಚುವುದು. ಆಚೆ ಬದಿಯಲ್ಲಿ ಗಡಿಯಾರ ಹಿಡಿದ ಫೆಮ್ಕೆ.

ಆಟದ ನಾಲ್ಕು ಪಾಳಿಗಳಲ್ಲಿ ಎರಡು ಮುಗಿದು ಮೂರನೆಯದು ಶುರುವಾದಾಗ ಬಿಸಿಲು ಎತ್ತರದ ಕಿಟಕಿಗಳಿಂದ ಇಳಿಯಿತು. ನೆಲದ ಹೊಳಪಿನ ಮೇಲೆ ಅದು ಹಾಲು ಚೆಲ್ಲಿದಂತೆ ಹರಡಿತು. ಹುಡುಗಿಯರು ಬೆಳಕಿಗೆ ಬಂದಾಗ ಹೊಳೆದು, ನೆರಳಿಗೆ ಹೋದಾಗ ಮಸುಕಾಗಿ, ನೀರಿನೊಳಗೆ ಈಜುತ್ತಿರುವಂತೆ ಕಾಣುತ್ತಿದ್ದರು. ಚೆಂಡಿನ ಸದ್ದು ಎಲ್ಲೋ ದೂರದ ಮನೆಯಲ್ಲಿ ಯಾರೋ ಅವಲಕ್ಕಿ ಕುಟ್ಟುತ್ತಿರುವಂತೆ ಕೇಳುತ್ತಿತ್ತು. ಇಂದಿರಮ್ಮನ ಕೈ ಬರೆಯುತ್ತಲೇ ಇತ್ತು. ಮನಸ್ಸು ಮಾತ್ರ ಮೆಲ್ಲಗೆ ಮೇಜಿನಿಂದ ಎದ್ದು ಹೋಯಿತು.

ಅದು ಹೋದದ್ದು ಮೈಸೂರಿನ ಹೆಣ್ಣುಮಕ್ಕಳ ಕಾಲೇಜಿನ ಮಣ್ಣಿನ ಅಂಗಳಕ್ಕೆ. ಆಟ ಶುರುವಾಗುವ ಮೊದಲು ನೀರು ಚಿಮುಕಿಸಿ, ಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ನೆತ್ತಿಗೆ ಸುತ್ತಿ ಕಟ್ಟಿದ ಎರಡು ಜಡೆ, ಪೈಜಾಮದ ಮೇಲೆ ಸಡಿಲ ಅಂಗಿ. ಜೊತೆಯಾಟಗಾರ್ತಿ ಲೀಲಾ ದೂರದಿಂದ, ಬಹು ದೂರದಿಂದ, ಸಂಪಿಗೆ ಮರದ ನೆರಳಿನಿಂದಲೇ ಎಸೆಯುತ್ತಿದ್ದಳು. ಚೆಂಡು ಆಕಾಶದಲ್ಲಿ ಒಂದು ಕ್ಷಣ ನಿಂತು ಯೋಚಿಸಿ ಆಮೇಲೆ ಬುಟ್ಟಿಗೆ ಇಳಿಯುತ್ತಿತ್ತು. ಆ ವರ್ಷ ತಂಡ ಅಂತರ ವಿಶ್ವವಿದ್ಯಾಲಯದ ಪಂದ್ಯಕ್ಕೆ ಆಯ್ಕೆಯಾಗಿ ಆಂಧ್ರದ ಕಡೆ ರೈಲು ಹತ್ತಿತು. ಇಂದಿರಮ್ಮ ಹತ್ತಲಿಲ್ಲ. ಮದುವೆ ಗೊತ್ತಾದ ಹುಡುಗಿಯನ್ನು ಅಷ್ಟು ದೂರದ ರೈಲಿಗೆ ಕಳಿಸುವುದು ಬೇಡ ಎಂದು ಬೀಗರಾಗುವವರು ಹೇಳಿಕಳಿಸಿದ್ದರು. ಲೀಲಾ ಮತ್ತೆ ಎಸೆದಳು. ಚೆಂಡು ನಿಂತಿತು, ಯೋಚಿಸಿತು, ಇಳಿಯಿತು.

"ಎರಡು," ಎಂದರು ಇಂದಿರಮ್ಮ.

ಹಿತಾ ಹಾರ್ಲೆಮ್‌ನ ಕಡೆ ಎರಡು ಹಾಳೆ ಮಗುಚಿದಳು. ಆಟ ಆಗಲೇ ಇನ್ನೊಂದು ತುದಿಗೆ ಓಡಿಯಾಗಿತ್ತು.

ಕೊನೆಯ ಪಾಳಿಯಲ್ಲಿ ಇಂದಿರಮ್ಮನ ಮನಸ್ಸು ಎಲ್ಲಿಯೂ ಹೋಗಲಿಲ್ಲ. ಒಂದೊಂದೇ ಅಂಕಕ್ಕೆ ಎರಡು ತಂಡಗಳೂ ಉಸಿರು ಹಿಡಿದು ಆಡಿದವು. ಫೆಮ್ಕೆ ಗಂಟೆ ಒತ್ತಿದಾಗ ಐಂಡ್‌ಹೋವನ್ ನಲವತ್ತೆಂಟು, ಹಾರ್ಲೆಮ್ ನಲವತ್ತೇಳು.

ಹಿತಾ ಹಿಂದಿನಿಂದ ಬಂದು ಅವರ ಕೊರಳನ್ನು ಅಪ್ಪಿಕೊಂಡಳು. "ಅತ್ತೇ! ಗ್ರೋನಿಂಗನ್! ನೀವೂ ಬರ್ತೀರಾ, ಕೇಳಿಸ್ತಾ? ಟ್ರೈನಲ್ಲಿ ಕಿಟಕಿ ಸೀಟ್ ನಿಮಗೇ!" ಫೆಮ್ಕೆ ಮೇಜನ್ನು ಸುತ್ತಿಬಂದು ಇಬ್ಬರನ್ನೂ ಒಟ್ಟಿಗೆ ಎತ್ತಲು ನೋಡಿದಳು. ಸೋತ ಹಾರ್ಲೆಮ್‌ನ ಹುಡುಗಿಯರು ಬೆಂಚಿನ ಮೇಲೆ ತಲೆ ಬಗ್ಗಿಸಿ ಕೂತಿದ್ದರು. ಅವರಲ್ಲಿ ಹನ್ನೊಂದನೆಯ ಸಂಖ್ಯೆಯ ನೂರ್ ಎಂಬುವಳು ಪಕ್ಕದವಳ ಬಾಟಲಿಗೆ ತನ್ನ ಬಾಟಲಿಯಿಂದ ನೀರು ಬಗ್ಗಿಸುತ್ತಿದ್ದಳು.

ಇಂದಿರಮ್ಮ ಹಾಳೆಯ ಅಡಿಯಲ್ಲಿ ಒಟ್ಟು ಕೂಡಿಸತೊಡಗಿದರು. ಒಬ್ಬೊಬ್ಬಳು ಎಷ್ಟು ಹಾಕಿದಳೆಂದು ಎಣಿಸುತ್ತ ನೂರ್‌ಳ ಹನ್ನೊಂದರ ಬಳಿ ಬಂದಾಗ ಪೆನ್ನು ನಿಂತಿತು. ಮೂರನೆಯ ಪಾಳಿ, ಬಿಸಿಲು ಇಳಿದ ಹೊತ್ತು. ಕಮಾನಿನ ಗೆರೆಯಾಚೆಯಿಂದ ಹಾಕಿದರೆ ಮೂರು ಅಂಕ, ಹಾಕಿದವಳ ಸಂಖ್ಯೆಗೆ ಸುತ್ತಲೂ ಒಂದು ವೃತ್ತ ಎಳೆಯಬೇಕು. ಈ ಹನ್ನೊಂದಕ್ಕೆ ವೃತ್ತವಿಲ್ಲ. ಆದರೆ ಅವರ ಕಣ್ಣು ಕಂಡದ್ದು ಈಗ ತಿಳಿಯಾಗಿ ಎದುರು ನಿಂತಿತು. ನೂರ್‌ಳ ಎರಡೂ ಬೂಟು ಗೆರೆಗಿಂತ ಒಂದು ಗೇಣು ಆಚೆ ಇದ್ದವು. ಮೂರು ಎಂದು ತೋರಿಸಲು ರೆಫರಿಯ ಎರಡು ಕೈಯೂ ಮೇಲೆದ್ದಿದ್ದವು. ಇಂದಿರಮ್ಮನ ಕಾಲದಲ್ಲಿ ಆ ಗೆರೆಯೇ ಇರಲಿಲ್ಲ. ಲೀಲಾ ಮರದ ನೆರಳಿನಿಂದ ಎಸೆದರೂ ಎರಡೇ. ಕೈ ಬರೆದದ್ದು ಲೀಲಾಳ ಅಂಕವನ್ನು.

ರೆಫರಿ ಇನ್ನೂ ಸಹಿ ಹಾಕಿರಲಿಲ್ಲ. ಸಹಿ ಬಿದ್ದ ಮೇಲೆ ಹಾಳೆಯೇ ಸತ್ಯ. ಆತ ಪೆನ್ನಿಗಾಗಿ ಕೈ ಚಾಚಿ, ನಗುತ್ತ ನಿಂತಿದ್ದ.

"ಹಿತಾ," ಎಂದರು ಇಂದಿರಮ್ಮ ಮೆಲ್ಲಗೆ. "ನಾನೊಂದು ತಪ್ಪು ಮಾಡಿದೀನಿ ಕಣೇ. ಹನ್ನೊಂದರೋಳು ಹಾಕಿದ್ದು ಮೂರು. ನಾನು ಎರಡು ಅಂದ್ಬಿಟ್ಟೆ."

ಹಿತಾಳ ನಗು ಮುಖದಲ್ಲೇ ಉಳಿದು ಕಣ್ಣಿನಿಂದ ಮಾತ್ರ ಹೋಯಿತು. "ಶೂರ್ ಇದೀರಾ? ಕಾಲು ಲೈನ್ ಮೇಲೆ ಇತ್ತೇನೋ."

"ಇರಲಿಲ್ಲ."

"ಅವರ ಕೋಚೇ ಏನೂ ಹೇಳಲಿಲ್ವಲ್ಲ ಅತ್ತೆ. ಯಾರೂ ಕೇಳಲಿಲ್ಲ."

"ಅವರು ಕೇಳಲಿಲ್ಲ, ನಿಜ."

ಹಿತಾ ಅವರ ಮುಖವನ್ನೇ ನೋಡಿದಳು. ಅವಳು ಬೇಡ ಎಂದು ಬಾಯಿಬಿಟ್ಟು ಹೇಳಿದ್ದರೆ ತಾನೇನು ಮಾಡುತ್ತಿದ್ದೆನೋ ಇಂದಿರಮ್ಮನಿಗೆ ತಿಳಿಯದು. ಐವತ್ತು ವರ್ಷ ಹಿಂದೆ ತಾನು ಹತ್ತದ ರೈಲಿಗೆ ಈ ಮಗುವನ್ನು ಹತ್ತಿಸಬೇಕೆಂದು ಅವರಿಗೆ ಆ ಗಳಿಗೆಯಲ್ಲಿ ಎಷ್ಟು ಆಸೆಯಾಯಿತೆಂದರೆ ಕಣ್ಣು ಮಂಜಾಯಿತು. ಹಿತಾ ತಿರುಗಿ ತನ್ನ ಕುರ್ಚಿಗೆ ಹೋಗಿ ಫಲಕದ ಮುಂದೆ ಕೂತಳು.

ಇಂದಿರಮ್ಮ ರೆಫರಿಗೆ ಪೆನ್ನು ಕೊಡಲಿಲ್ಲ. ತಮ್ಮ ನಿಧಾನದ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದರು. ಆತ ಕಣ್ಣುಮುಚ್ಚಿ ನೆನಪಿಸಿಕೊಂಡ. ಹೌದು, ತಾನು ಕೈ ಎತ್ತಿದ್ದು ಹೌದು, ಆಮೇಲೆ ಮೇಜಿನ ಕಡೆ ನೋಡದೆ ಓಡಿದ್ದೂ ಹೌದು ಎಂದ. ನೂರ್‌ಳನ್ನು ಕರೆದು ಕೇಳಿದರೆ ಅವಳು, ಫಲಕದಲ್ಲಿ ಎರಡು ಕಂಡು ತಾನೇ ಗೆರೆ ತುಳಿದಿರಬೇಕು ಎಂದುಕೊಂಡೆ ಎಂದಳು. ನಲವತ್ತೆಂಟು, ನಲವತ್ತೆಂಟು. ಸಮ. ಇನ್ನೂ ಐದು ನಿಮಿಷ ಆಡಬೇಕು.

ಗೆಲುವನ್ನು ಕೈಯಿಂದ ಕಳೆದುಕೊಂಡವರು ಐಂಡ್‌ಹೋವನ್‌ನವರು. ಅವರ ಇಬ್ಬರು ಹುಡುಗಿಯರು ಆಗಲೇ ಸ್ನಾನಕ್ಕೆ ಹೋಗಿದ್ದರು. ಒಬ್ಬಳು ತೊಟ್ಟಿಕ್ಕುವ ಕೂದಲಿನಲ್ಲಿ ಬೂಟಿನ ದಾರ ಕಟ್ಟುತ್ತ ಬಂದಳು. ಬೈಗುಳ ಕೇಳಲು ಸಿದ್ಧರಾಗಿ ಇಂದಿರಮ್ಮ ಅವರ ಕೋಚ್ ಕಡೆ ನೋಡಿದರು. ಆ ದಪ್ಪ ಹೆಂಗಸು ಮೇಜಿನ ಮೇಲೆ ಬಾಗಿ ಹಾಳೆಯನ್ನು ನೋಡಿ, "ಅತ್ತೆ, ನಿಮ್ಮ ಅಕ್ಷರ ಇಷ್ಟು ಚೆಂದ ಇಲ್ಲದಿದ್ದರೆ ಈ ತಪ್ಪು ಯಾರಿಗೂ ಸಿಗುತ್ತಿರಲಿಲ್ಲ," ಎಂದಳು. ಅದು ಹೊಗಳಿಕೆಯೋ ದೂರೋ ಎಂದು ಇಂದಿರಮ್ಮ ಯೋಚಿಸುವಷ್ಟರಲ್ಲಿ ಅವಳು ಭುಜ ತಟ್ಟಿ ಹೋಗಿಬಿಟ್ಟಿದ್ದಳು.

ಐದು ನಿಮಿಷಗಳು ಯಾವುದೋ ಬೇರೆ ಕಾಲದಿಂದ ಎರವಲು ತಂದವುಗಳಂತೆ ಇದ್ದವು. ನೋಡುತ್ತಿದ್ದವರು ಮನೆಗೆ ಹೋಗಲು ಹಾಕಿಕೊಂಡ ಕೋಟುಗಳಲ್ಲೇ ನಿಂತುಬಿಟ್ಟರು. ಯಾರೂ ಕೂಗಲಿಲ್ಲ. ಬೂಟುಗಳು ನೆಲಕ್ಕೆ ಉಜ್ಜುವ ಸದ್ದು, ಉಸಿರಿನ ಸದ್ದು, ಅಂಕ ಬಿದ್ದಾಗ ಇಂದಿರಮ್ಮನ ಸಣ್ಣ ದನಿ, ಹಿತಾಳ ಕೈಯಲ್ಲಿ ಹಾಳೆ ಮಗುಚುವ ಸದ್ದು. ಅವಳು ಅತ್ತೆಯ ಕಡೆ ಒಮ್ಮೆಯೂ ತಿರುಗಲಿಲ್ಲ. ಆದರೂ ಕಿಟಕಿಯ ಬಿಸಿಲು ಇಂದಿರಮ್ಮನ ಕಣ್ಣಿಗೆ ಬಿದ್ದಾಗ ಫಲಕವನ್ನು ಎರಡು ಅಂಗುಲ ಸರಿಸಿ ಹಾಳೆಯ ಮೇಲೆ ನೆರಳು ಬೀಳುವಂತೆ ಮಾಡಿದಳು.

ಇಪ್ಪತ್ತು ಸೆಕೆಂಡು ಉಳಿದಿತ್ತು. ಐಂಡ್‌ಹೋವನ್ ಐವತ್ತಾರು, ಹಾರ್ಲೆಮ್ ಐವತ್ತನಾಲ್ಕು. ಫೆಮ್ಕೆ ಮೇಜಿನ ಕೆಳಗೆ ಕಾಲು ಕುಣಿಸುತ್ತ ಡಚ್ಚಿನಲ್ಲಿ ಏನೋ ಜಪಿಸುತ್ತಿದ್ದಳು. ಚೆಂಡು ನೂರ್‌ಳ ಕೈಗೆ ಬಂತು. ಎದುರಿನವಳು ಕೈ ಅಗಲಿಸಿ ತಡೆದಳು. ನೂರ್ ಎರಡು ಹೆಜ್ಜೆ ಹಿಂದೆ ಸರಿದು ಎಸೆದಳು.

ಇಂದಿರಮ್ಮ ಈ ಸಲ ಚೆಂಡನ್ನು ನೋಡಲಿಲ್ಲ. ಬೂಟುಗಳನ್ನೇ ನೋಡಿದರು. ಬುಟ್ಟಿಯ ಬಲೆ ಸರಕ್ಕೆಂದಿತು, ಹಿಂದೆಯೇ ಫೆಮ್ಕೆಯ ಗಂಟೆ ಬಾರಿಸಿತು. ಕಂಡದ್ದು ಸ್ಪಷ್ಟವಾಗಿಯೇ ಇತ್ತು. ಆದರೂ ಪೆನ್ನು ಹಿಡಿದ ಕೈ ಹಾಳೆಯ ಮೇಲೆ ಗಾಳಿಯಲ್ಲಿ ನಿಂತುಹೋಯಿತು. ಅವರಿಗೆ ಈಗ ತಮ್ಮ ಕಣ್ಣಿನ ಮೇಲೆ ನಂಬಿಕೆ ಇರಲಿಲ್ಲ.

"ಮೂರು, ಅತ್ತೆ," ಎಂದಳು ಹಿತಾ. "ನಾನು ನೋಡಿದೆ, ಲೈನ್ ಆಚೆ. ಬರೀರಿ ನೀವು. ಅಳೋದು ಆಮೇಲೆ."

ಇಂದಿರಮ್ಮ ಬರೆದರು. ಪಕ್ಕದಲ್ಲಿ ಹಿತಾ ಹಾರ್ಲೆಮ್‌ನ ಕಡೆಯ ಹಾಳೆಗಳನ್ನು ಒಂದೊಂದಾಗಿ ಮಗುಚಿದಳು. ಐವತ್ತೈದು. ಐವತ್ತಾರು. ಮೂರನೆಯ ಹಾಳೆ ಅಂಟಿಕೊಂಡಿತ್ತು. ಬೆರಳು ನಾಲಿಗೆಗೆ ತಾಗಿಸಿ, ಬಿಡಿಸಿ, ಅದನ್ನೂ ಮಗುಚಿದಳು. ಐವತ್ತೇಳು. ಆಮೇಲೆ ದೂರದವರಿಗೂ ಕಾಣಲಿ ಎಂದು ಫಲಕವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು.