ಉಪ್ಪು ನೋಡಿದವಳು

"ಇನ್ನೂ ಒಂದು ಚಿಟಿಕೆ ಬೇಕು ಭಾಭಿ," ಅಂದಳು ಹಾಜರಾ, ರುಚಿಗೆಂದು ಬೇಯಿಸಿದ ಖೀಮಾದ ಚೂರನ್ನು ಬಾಯಲ್ಲಿ ಹೊರಳಿಸುತ್ತ.

"ಎರಡು ಸಲ ಹಾಕಿದೀನಲ್ಲೇ ಮಾರಾಯ್ತಿ!"

"ನಾನೇನ್ ಸುಳ್ಳು ಹೇಳ್ತೀನಾ? ಸಪ್ಪೆ ಐತೆ."

ಅಮೀರುನ್ನೀಸಾ ಮತ್ತೆ ಉಪ್ಪಿನ ಡಬ್ಬಿಗೆ ಕೈ ಹಾಕಿದಳು. ರಂಜಾನ್ ತಿಂಗಳು. ಉಪವಾಸದ ರೋಜಾ ಹಿಡಿದರೆ ಉಗುಳು ನುಂಗುವುದಕ್ಕೂ ಹಿಂದೆಮುಂದೆ ನೋಡುವವಳು, ಇನ್ನು ರುಚಿ ನೋಡುವ ಮಾತೆಲ್ಲಿ ಬಂತು? ನಾದಿನಿ ಹಾಜರಾಗೆ ಮುಟ್ಟಾಗಿದ್ದರಿಂದ ರೋಜಾ ಇರಲಿಲ್ಲ. ಸದ್ಯ, ಅಲ್ಲಾಹನೇ ದಾರಿ ತೋರಿಸಿದ ಅಂದುಕೊಂಡು ಅವಳನ್ನು ನ್ಯೂ ಟೌನಿನ ಈ ಬಂಗಲೆಗೆ ಕರೆತಂದಿದ್ದಳು.

ಕಾರ್ಖಾನೆಗೆ ಬಂದಿದ್ದ ಅಮೆರಿಕದ ಎಂಜಿನಿಯರನ ಹೆಂಡತಿಗೆ ಅಡುಗೆಯವಳು ಬೇಕಿತ್ತು. ಇವತ್ತು ಮಧ್ಯಾಹ್ನ ನೆಂಟರಿಗೆ ಹ್ಯಾಂಬರ್ಗರ್ ಸರಿಯಾಗಿ ಬಂದರೆ ಅಮೀರುನ್ನೀಸಾಳ ಕೆಲಸ ಖಾಯಂ. ಹಿತ್ತಲಿನ ಕೋಣೆಯೂ ಅವಳದೇ, ಒಳಗೇ ನಲ್ಲಿ ಇರುವ ಕೋಣೆ! ಏನು ಮಹಾ ಅಡುಗೆ ಅದು? ಮಸಾಲೆ ಹಾಕುವುದನ್ನು ಮರೆತ ಕಬಾಬು. ತಟ್ಟಿ, ಕಾವಲಿಯ ಮೇಲೆ ಬೇಯಿಸಿ, ಬನ್ನಿನ ಹೊಟ್ಟೆ ಸೀಳಿ ತುರುಕಿದರಾಯಿತು. ಆದರೆ ಮಸಾಲೆಯೇ ಇಲ್ಲವಲ್ಲ, ಅದರ ಮಾನವೆಲ್ಲ ಉಪ್ಪಿನಲ್ಲೇ. ಹೋದ ತಿಂಗಳು ಮನೆಯಲ್ಲಿ ಎರಡು ಸಲ ಮಾಡಿ ಕಲಿತಿದ್ದಳು. ಗಂಡ ಹಮೀದ್ ತಿಂದು, "ಕಾಯಿಲೆಯವರ ಊಟ ಇದು," ಅಂದಿದ್ದ.

ಊಟಕ್ಕೆ ಹೋದ ತಟ್ಟೆಗಳು ಹೋದ ಹಾಗೇ ಬಂದವು. ಒಂದೊಂದು ಬನ್ನಿಗೂ ಒಂದೇ ಒಂದು ಕಡಿತ.

"ಉಪ್ಪು ತಾಯಿ, ಬರೀ ಉಪ್ಪು," ಅಂದ ಬಡಿಸುವ ವೆಂಕಟಾಚಲ.

ಅಮೀರುನ್ನೀಸಾ ಆ ತಟ್ಟೆಗಳನ್ನೇ ನೋಡುತ್ತ ನಿಂತಳು. ಹಾಜರಾ ಮಾತ್ರ ಹನ್ನೆರಡು ಮೊಟ್ಟೆ ಒಡೆದು, ಚಕಚಕನೆ ಆಮ್ಲೆಟ್ ಹಾಕಿ ಮರ್ಯಾದೆ ಉಳಿಸಿದಳು. ನೆಂಟರು ಹೋದ ಮೇಲೆ ವೆಂಕಟಾಚಲ ನೆಲ ನೋಡುತ್ತ ಬಂದ.

"ನಾಳೆಯಿಂದ ನೀವು ಬರೋದು ಬೇಡವಂತೆ. ಹಾಜರಾ ಬರಲಿ ಅಂದ್ರು ಅಮ್ಮಾವ್ರು."

ದಾರಿಯುದ್ದಕ್ಕೂ ಹಾಜರಾ ಒಂದೇ ಸಮನೆ ಹೇಳಿದಳು: "ನಾನ್ ಈ ಕೆಲ್ಸ ಕೇಳ್ಲಿಲ್ಲ ಭಾಭಿ. ಅವರ ನಾಲಿಗೆನೇ ಬೇರೆ. ನಾನ್ ತಿಂದಾಗ ಸರಿಯಾಗೇ ಇತ್ತು."

ಇರಬಹುದು ಅಂದುಕೊಂಡಳು ಅಮೀರುನ್ನೀಸಾ. ಗಂಡ ಸತ್ತು ಬಂದವಳನ್ನು ಎರಡು ವರ್ಷದಿಂದ ತನ್ನ ಚಾಪೆಯಲ್ಲೇ ಮಲಗಿಸಿಕೊಂಡಿದ್ದಾಳೆ. ತನ್ನ ಪಾಲಿನ ರೊಟ್ಟಿಯಲ್ಲಿ ಅರ್ಧ ಮುರಿದುಕೊಟ್ಟಿದ್ದಾಳೆ. ಅಂಥವಳು ಹಾಗೆಲ್ಲ ಮಾಡುವುದುಂಟೇ? ವಾಪಸ್ಸು ಬಂದ ಹ್ಯಾಂಬರ್ಗರ್ ಒಂದು ಸೆರಗಿನ ಗಂಟಿನಲ್ಲಿತ್ತು. ಒಂದು ಚೂರು ಬಾಯಿಗಿಟ್ಟರೆ ಗೊತ್ತಾಗುತ್ತಿತ್ತು, ಆದರೆ ಹೊತ್ತು ಮುಳುಗಲು ಇನ್ನೂ ಎರಡು ತಾಸು. ಅಷ್ಟು ಹೊತ್ತೂ ನಾದಿನಿಯನ್ನು ನಂಬಿಕೊಂಡೇ ಕೂತಳು.

ಆಜಾನ್ ಕೇಳಿತು. ಹಮೀದ್ ಖರ್ಜೂರ ನೀಡಿದ. ಅವಳು ಅದನ್ನು ಬಿಟ್ಟು ತಣ್ಣಗಾದ ಖೀಮಾವನ್ನೇ ಕಚ್ಚಿದಳು.

ಬರೀ ಉಪ್ಪು. ಯಾವ ದೇಶದ ನಾಲಿಗೆಗೂ ಅದು ಸರಿಯಾಗಿರಲು ಸಾಧ್ಯವಿರಲಿಲ್ಲ.

"ಯಾಕೆ, ಏನಾಯ್ತು?" ಅಂದ ಹಮೀದ್.

ಎದುರಿಗೆ ಹಾಜರಾ ನೀರಿನ ಲೋಟ ಹಿಡಿದು ನಿಂತಿದ್ದಳು, ಅತ್ತಿಗೆಯ ಮುಖ ನೋಡದೆ. ಅಮೀರುನ್ನೀಸಾ ಒಂದು ಗಳಿಗೆ ತಡೆದಳು. ಬಾಯಿ ಉರಿಯುತ್ತಿತ್ತು. ಆ ಕೈಯಿಂದಲೇ ಲೋಟ ಇಸಿದುಕೊಂಡು ಗಟಗಟನೆ ಕುಡಿದಳು. ಸಾಲದೆ, ಖಾಲಿ ಲೋಟವನ್ನು ಮತ್ತೆ ಅವಳ ಮುಂದೆಯೇ ಚಾಚಿದಳು.