ನೇರಳೆ ಪೋಸ್ಟರಿನ ಜಗಳ

ನಮ್ಮ ಊರಿನವರಿಗೆ ಕಣ್ಣಿದೆ, ಕಿವಿಯಿದೆ, ಗಂಟಲನ್ನಂತೂ ದೇವರು ಎರಡು ಪಾಲು ಕೊಟ್ಟಿದ್ದಾನೆ. ತಲೆ ಹಂಚುವ ಹೊತ್ತಿಗೆ ಮಾತ್ರ ಇಟಲಿಯ ಈ ಪೋ ನದಿಯ ಮಂಜು ಕವಿದು ಅವನಿಗೆ ನಮ್ಮ ಊರು ಕಾಣಿಸಲಿಲ್ಲವೇನೋ. ಸಿಟ್ಟಿನಿಂದ ಹೇಳುತ್ತಿದ್ದೇನೆ. ಸಿಟ್ಟಿನಿಂದಲೇ ಪೂರ್ತಿ ಹೇಳುತ್ತೇನೆ.

ಸೆಪ್ಟೆಂಬರಿನಲ್ಲಿ ನಮ್ಮ ರಂಗಮಂದಿರದವರು ಊರವರನ್ನು ಕರೆದು ಮುಂದಿನ ಹಂಗಾಮಿನ ಪೋಸ್ಟರನ್ನು ತೋರಿಸುತ್ತಾರೆ. ಈ ಸಲ ತೋರಿಸಿದ್ದು ಹೊಸ ನಿರ್ದೇಶಕ ಬ್ರಿವಿಯೊ. ಮಿಲಾನಿನವನು, ಮೆತ್ತಗೆ ಮಾತಾಡುವವನು. ಊರ ಮೇಳದವರಾದ ನಾವು ಎಂದಿನಂತೆ ಎಲ್ಲರಿಗಿಂತ ಮುಂದೆ ನಿಂತಿದ್ದೆವು. ಒಪೆರಾದಲ್ಲಿ ಸೈನಿಕರು, ಸೆರೆಯಾಳುಗಳು, ಸನ್ಯಾಸಿನಿಯರು ಅಂತ ಹಿಂಡಾಗಿ ಬಂದು ಹಾಡುವವರಿದ್ದಾರಲ್ಲ, ಅವರೇ ನಾವು. ಮೇಳದ ಮುಖಂಡ ಎರ್ಮೆಸ್ ಹಗಲು ನಲ್ಲಿ ರಿಪೇರಿ ಮಾಡುತ್ತಾನೆ. ಅವನ ಹೆಂಡತಿ ಆರ್ಜಿಯಾ ಔಷಧಿ ಅಂಗಡಿಯಲ್ಲಿ ಕೂರುತ್ತಾಳೆ. ನಾನು ತೊರ್ತೆಲ್ಲಿ ಕಟ್ಟಿ ಮಾರುತ್ತೇನೆ, ಕುಂಬಳಕಾಯಿ ಹೂರಣದ ಪುಟ್ಟ ಕಡುಬು. ಸಂಜೆಯಾದರೆ ಎಲ್ಲರೂ ತಾಲೀಮಿಗೆ. ನನ್ನ ಅಜ್ಜಿ ಅದೇ ಹಲಗೆಗಳ ಮೇಲೆ ನಿಂತು ಹಾಡಿದವಳು, ನನ್ನ ಅಮ್ಮನೂ ಅಷ್ಟೆ. ನಾವಿಲ್ಲದೆ ಅಲ್ಲಿ ಒಂದು ಒಪೆರಾ ನಡೆದದ್ದನ್ನು ಯಾರೂ ಕಂಡಿಲ್ಲ.

ಬ್ರಿವಿಯೊ ಬಟ್ಟೆ ಸರಿಸಿದ. ಪೋಸ್ಟರು ಮೇಲಿನಿಂದ ಕೆಳಗಿನವರೆಗೆ ನೇರಳೆ ಬಣ್ಣದ್ದಾಗಿತ್ತು.

ನಮ್ಮ ಕಡೆ ರಂಗದವರಿಗೆ ನೇರಳೆಯೆಂದರೆ ಅಪಶಕುನ. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಪಾದ್ರಿಗಳು ನೇರಳೆ ಉಡುತ್ತಾರೆ, ಹಿಂದೆ ಆಗ ಆಟಗಳೆಲ್ಲ ಬಂದ್, ನಟರ ಮಕ್ಕಳು ಹಸಿದು ಮಲಗುತ್ತಿದ್ದವು. ಆ ಹಸಿವನ್ನು ಕಂಡವರು ಈಗ ಯಾರೂ ಉಳಿದಿಲ್ಲ, ಭಯ ಮಾತ್ರ ಉಳಿದಿದೆ. ಇವತ್ತಿಗೂ ನೇರಳೆ ಶಾಲು ಹೊದ್ದು ಬಂದವರನ್ನು ರಂಗಮಂದಿರದ ಬಾಗಿಲಲ್ಲೇ ತಡೆಯುತ್ತಾರೆ.

"ಅಯ್ಯೋ ಪಾಪಿ! ನಮ್ಮ ಹೆಣ ಎತ್ತೋಕ್ ಬಂದಿದೀಯೇನಯ್ಯ?" ಎಂದು ಎರ್ಮೆಸ್ ಕೂಗಿ, ದೋಷ ತಟ್ಟದಿರಲೆಂದು ಜೇಬಿನೊಳಗಿನ ಕಬ್ಬಿಣದ ಬೀಗದ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಆರ್ಜಿಯಾ ಕುರ್ಚಿಯ ಮೇಲೆ ಕುಸಿದಳು. ಸಭೆ ಸಂತೆಯಾಯಿತು.

ನನಗೂ ಹೆದರಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಬೈಯುವುದಾದರೂ ಓದಿ ಬೈಯೋಣವೆಂದು ಪೋಸ್ಟರಿನ ಹತ್ತಿರ ಹೋದೆ. ಮೇಲೆ ಮೂರು ಒಪೆರಾ. ಪ್ರತಿಯೊಂದರ ಕೆಳಗೂ ಸಣ್ಣ ಅಕ್ಷರದಲ್ಲಿ 'ಅತಿಥಿ ಕಂಪನಿ, ತಮ್ಮದೇ ಮೇಳದೊಂದಿಗೆ' ಎಂದಿತ್ತು. ನಡುವೆ ಎರಡು ಬ್ಯಾಲೆ, ಅವಕ್ಕೆ ಹಾಡುವವರ ಅಗತ್ಯವಿಲ್ಲ. ಕೊನೆಗೆ ಭಾನುವಾರ ಮಧ್ಯಾಹ್ನ ಅಪ್ಪ ಅಮ್ಮಂದಿರು ಮಕ್ಕಳನ್ನು ಕರೆತರುವ ಆಟಗಳು. ಅಲ್ಲಿ, ಮೊಲದ ಮದುವೆ ಅನ್ನುವ ಆಟದ ಕೆಳಗೆ, 'ಕಾಡುಪ್ರಾಣಿಗಳು: ಊರ ಮೇಳ'.

ಎರಡು ಸಲ ಓದಿದೆ. ಆಮೇಲೆ ಎರ್ಮೆಸ್‌ನ ತೋಳು ಹಿಡಿದು ಎಳೆದೆ.

"ಎರ್ಮೆಸ್, ಬಾ ಇಲ್ಲಿ. ಒಪೆರಾದಿಂದ ನಮ್ಮನ್ನ ಕಿತ್ತು ಹಾಕಿದಾನೆ. ಓದು ಇದನ್ನ."

"ಓದೋದಾ? ಅದರ ಕಡೆ ನೋಡೋದಕ್ಕೂ ಹೆದರಿಕೆ ಆಗುತ್ತೆ ನನಗೆ! ನೀನೂ ಈಚೆ ಬಾ ನಿವೆಸ್, ಅದನ್ನ ಮುಟ್ಟಬೇಡ."

"ಬಣ್ಣದ ಮನೆ ಹಾಳಾಗಲಿ ಕಣೋ! ನಮ್ಮನ್ನ ಮೊಲ ಮಾಡಿದಾನೆ, ಮೊಲ!"

"ಮೊದಲು ಬಣ್ಣ ಹೋಗಲಿ, ಆಮೇಲೆ ಮಿಕ್ಕಿದ್ದು," ಎಂದವನೇ ಮತ್ತೆ ಜನರ ನಡುವೆ ನುಗ್ಗಿ ಕೂಗತೊಡಗಿದ. ಬ್ರಿವಿಯೊ ಕೈಕಟ್ಟಿ ನೋಡುತ್ತಾ ನಿಂತಿದ್ದ. ಮಿಲಾನಿನಲ್ಲಿ ಇಷ್ಟು ವರ್ಷ ರಂಗಮಂದಿರದಲ್ಲೇ ದುಡಿದವನಿಗೆ ನೇರಳೆಯ ವಿಷಯ ಗೊತ್ತಿರಲಿಲ್ಲವೆಂದರೆ ನಾನು ನಂಬುವುದಿಲ್ಲ. ಅವನೇನೋ ಗೊತ್ತಿರಲಿಲ್ಲ ಅಂತಲೇ ಈಗಲೂ ಹೇಳುತ್ತಾನೆ.

ಆ ಎರಡು ವಾರ ಊರಿನಲ್ಲಿ ಬೇರೆ ಮಾತಿಲ್ಲ. ಆ ಪೋಸ್ಟರು ಇರುವ ತನಕ ರಂಗಮಂದಿರದ ಹೊಸ್ತಿಲು ತುಳಿಯುವುದಿಲ್ಲವೆಂದು ಮೇಳದವರು ಆಣೆ ಇಟ್ಟರು. ಪತ್ರಿಕೆಗೆ ಬರೆದರು, ಬ್ರಿವಿಯೊಗೂ ಪತ್ರದ ಮೇಲೆ ಪತ್ರ ಬರೆದರು. ಚೌಕದ ಕಾಫಿ ಅಂಗಡಿಯಲ್ಲಿ ವಿದ್ವಾಂಸರು ಹುಟ್ಟಿಕೊಂಡರು: ಇದು ನೇರಳೆಯಲ್ಲ ದ್ರಾಕ್ಷಿ ಬಣ್ಣ, ಅಲ್ಲ ಬದನೆಕಾಯಿ ಬಣ್ಣ. ಯಾವನೋ ಬಿದ್ದು ಕಾಲು ಉಳುಕಿಸಿಕೊಂಡ, ಅದೂ ಪೋಸ್ಟರಿನ ತಲೆಗೆ ಬಂತು. ನಾನು ಅಂಗಡಿಗೆ ಬಂದವರಿಗೆಲ್ಲ ತೊರ್ತೆಲ್ಲಿ ಕಟ್ಟಿಕೊಡುತ್ತಾ ಹೇಳಿದೆ, ನಮ್ಮ ಜಾಗ ಹೋಗಿದೆ, ಒಪೆರಾ ಹೋಗಿದೆ. "ಹೌದಾ?" ಅನ್ನುವರು. "ನೇರಳೆ ಅಲ್ವಾ, ಇನ್ನೇನಾಗುತ್ತೆ!" ಅನ್ನುವರು.

ತಡೆಯಲಾರದೆ ಆರ್ಜಿಯಾಳ ಔಷಧಿ ಅಂಗಡಿಗೇ ಹೋದೆ.

"ನೀನಾದರೂ ನಿನ್ನ ಗಂಡಂಗೆ ಹೇಳೇ. ಹೊರಗಿನ ಮೇಳ ಬಂದು ಒಂದು ಸಲ ಹಾಡಿದರೆ ಮುಗೀತು, ಇನ್ನು ನಮ್ಮನ್ನ ಯಾರೂ ಕರೆಯಲ್ಲ."

"ಹೇಳ್ತೀನಿ ಕಣೇ. ಆದರೆ ಈಗಲ್ಲ. ಎಲ್ಲ ಒಂದಾಗಿದಾರೆ, ಇಂಥಾ ಒಗ್ಗಟ್ಟು ನಾನು ಕಂಡೇ ಇಲ್ಲ. ನೀನು ಹೋಗಿ ಒಡಕು ಹುಟ್ಟಿಸಬೇಡ."

ಒಡಕು ಹುಟ್ಟಿಸುವವಳು ನಾನು! ಕೆಮ್ಮಿನ ಔಷಧಿ ತೆಗೆದುಕೊಳ್ಳಲು ಬಂದಿದ್ದ ಮುದುಕನ ಎದುರಿಗೇ ಅವಳಿಗೆ ಬಾಯಿಗೆ ಬಂದಂತೆ ಬೈದು ಬಂದೆ. ಹಾಗೆ ನೋಡಿದರೆ ಬ್ರಿವಿಯೊನ ಹತ್ತಿರ ನಾನೊಬ್ಬಳೇ ಹೋಗಬಹುದಿತ್ತು. ಮೇಳದವರನ್ನು ಬಿಟ್ಟು ಒಬ್ಬರೇ ನಿರ್ದೇಶಕನ ಕೋಣೆಗೆ ಹೋದವರನ್ನು ನಮ್ಮಲ್ಲಿ ಚಾಡಿಕೋರರೆನ್ನುತ್ತಾರೆ. ಹೋಗಲಿಲ್ಲ.

ಒಂದು ಶನಿವಾರ ಬೆಳಗ್ಗೆ ಬ್ರಿವಿಯೊ ಎಲ್ಲರನ್ನೂ ಕರೆಸಿದ. ಮುಖ ಬಾಡಿತ್ತು, ಅಥವಾ ಬಾಡಿಸಿಕೊಂಡಿದ್ದ. "ನಿಮ್ಮ ಸಂಪ್ರದಾಯದ ಮುಂದೆ ನಾನು ತಲೆ ಬಾಗ್ತೀನಿ," ಎಂದು ಬಟ್ಟೆ ಸರಿಸಿದ. ಹೊಸ ಪೋಸ್ಟರು ಹಸಿರು. ಅಕ್ಷರಗಳು ಅವೇ.

ಆ ಚಪ್ಪಾಳೆ! ನಮ್ಮ ಮೇಳಕ್ಕೇ ಯಾರೂ ಅಷ್ಟು ಚಪ್ಪಾಳೆ ಹೊಡೆದಿರಲಿಲ್ಲ. ಎರ್ಮೆಸ್ ಕಣ್ಣೀರು ಒರೆಸಿಕೊಳ್ಳುತ್ತಾ ಅವನನ್ನು ತಬ್ಬಿ ಎರಡೂ ಕೆನ್ನೆಗೆ ಮುತ್ತಿಟ್ಟ. ಗುಳ್ಳೆಯೇಳುವ ಕೆಂಪು ಲಾಂಬ್ರುಸ್ಕೊ ವೈನು ಗ್ಲಾಸಿಗೆ ಬಿತ್ತು.

"ಹಾಗಾದರೆ ಮೇಳದವರ ತಕರಾರೆಲ್ಲ ಮುಗೀತು ತಾನೆ?" ಎಂದು ಬ್ರಿವಿಯೊ ಎಲ್ಲರೆದುರು ಕೇಳಿದ.

"ಮುಗೀತು ಸ್ವಾಮಿ! ಪೂರ್ತಿ ಮುಗೀತು!" ಎಂದು ಎರ್ಮೆಸ್ ಗ್ಲಾಸು ಎತ್ತಿದ. ಪತ್ರಿಕೆಯವನು ಬರೆದುಕೊಂಡ.

"ಮುಗಿದಿಲ್ಲ!" ಎಂದು ಕಿರುಚಿದೆ. ಗ್ಲಾಸು ಕೆಳಗಿಟ್ಟು ಪೋಸ್ಟರಿನ ಮುಂದೆ ನಿಂತು, ಒಪೆರಾಗಳ ಕೆಳಗಿನ ಸಾಲುಗಳನ್ನು ಒಂದೊಂದಾಗಿ ಜೋರಾಗಿ ಓದಿದೆ. ಮೊಲದ ಮದುವೆಯನ್ನೂ ಓದಿದೆ. ಆಗ ಕೇಳಿಸಿತು ಮಹಾಶಯರಿಗೆ. ಒಬ್ಬೊಬ್ಬರ ಮುಖವೂ ಇಳಿಯುತ್ತಾ ಬಂತು.

ಬ್ರಿವಿಯೊ ಗದರಲಿಲ್ಲ. ಗದರಿದ್ದರೆ ಎಷ್ಟೋ ಚೆನ್ನಾಗಿತ್ತು.

"ಸಿನ್ಯೋರಾ, ಇದು ಮೊದಲನೇ ದಿನದಿಂದಲೂ ಇಲ್ಲೇ ಇದೆ. ನೀವೆಲ್ಲ ನನಗೆ ಅಷ್ಟೊಂದು ಪತ್ರ ಬರೆದ್ರಿ. ಒಂದರಲ್ಲೂ ಇದರ ಸುದ್ದಿ ಇರಲಿಲ್ಲ. ನಿಮಗೆ ಒಪ್ಪಿಗೆ ಅಂದ್ಕೊಂಡೆ. ಮೊನ್ನೆ ಅತಿಥಿ ಕಂಪನಿಗೆ ಮಾತು ಕೊಟ್ಟುಬಿಟ್ಟೆ."

ಎರ್ಮೆಸ್ ನನ್ನ ಕಡೆ ತಿರುಗಿದ. ಮುಖ ಕೆಂಡವಾಗಿತ್ತು. "ಇದನ್ನ ಮೊದಲೇ ಬಾಯಿಬಿಟ್ಟು ಹೇಳೋದಕ್ಕೆ ಏನಾಗಿತ್ತು ನಿನಗೆ?"

ಗ್ಲಾಸು ಕೈಯಲ್ಲಿದ್ದಿದ್ದರೆ ಮದ್ಯವನ್ನು ಅವನ ಮುಖಕ್ಕೇ ಎರಚುತ್ತಿದ್ದೆ.

"ಭಾನುವಾರದ ಆಟ ಇದ್ದೇ ಇದೆಯಲ್ಲ," ಎಂದ ಬ್ರಿವಿಯೊ. "ಪುಟ್ಟ ಮಕ್ಕಳು, ತುಂಬಿದ ಮನೆ. ಆದರೆ ಅಷ್ಟೂ ಜನಕ್ಕೆ ಅದರಲ್ಲಿ ಜಾಗ ಇಲ್ಲ. ಯಾರು ಯಾರು ಬರ್ತೀರಿ, ಕೈ ಎತ್ತಿ."

ಯಾರೂ ಎತ್ತಲಾರರು ಎಂದುಕೊಂಡೆ. ಮರ್ಯಾದೆ ಅನ್ನುವುದೊಂದು ಇರುತ್ತದಲ್ಲ! ಎಲ್ಲರೂ ಬೆನ್ನು ತಿರುಗಿಸಿ ಹೊರಟರೆ ಅವನ ಮೊಲಗಳನ್ನು ಅವನೇ ಹಾಡಿಸಿಕೊಳ್ಳಲಿ. ಎರ್ಮೆಸ್ ನೆಲ ನೋಡುತ್ತಾ ಕೈ ಎತ್ತಿದ. ಆರ್ಜಿಯಾ ಎತ್ತಿದಳು. ಆಮೇಲೆ ಸರಸರನೆ ಕೈಗಳು ಎದ್ದವು, ಹಿಂದಿದ್ದವರು ಕಾಣಿಸಲೆಂದು ತುದಿಗಾಲಲ್ಲಿ ನಿಂತರು. ಬ್ರಿವಿಯೊ ಎಣಿಸುತ್ತಾ ನನ್ನ ಹತ್ತಿರ ಬರುತ್ತಿದ್ದ. ತೆರೆದ ಬಾಗಿಲಿನಾಚೆ ರಂಗ ಕಾಣುತ್ತಿತ್ತು, ಆ ಹಲಗೆಗಳು, ಎಡಗಡೆ ನಾನು ನಿಲ್ಲುವ ಜಾಗ. ಆ ಜಾಗ ಬಿಟ್ಟರೆ ನನಗೆ ಹಾಡಲು ಈ ಭೂಮಿಯ ಮೇಲೆ ಇನ್ನೊಂದು ಜಾಗವಿಲ್ಲ.

ಇವರೆಲ್ಲರ ಮೇಲೆ ಉಗಿಯಬೇಕೆಂದು ಬಾಯಿ ತೆರೆದೆ.

"ಸಿನ್ಯೋರಾ ನಿವೆಸ್, ನೀವೂ ಬರ್ತೀರಿ. ಸಂತೋಷ," ಎಂದು ಬ್ರಿವಿಯೊ ಮುಂದಕ್ಕೆ ಹೋದ. ತಲೆಯೆತ್ತಿ ನೋಡಿದರೆ ನನ್ನ ಕೈ ಮೇಲಿತ್ತು, ಎಲ್ಲರ ಕೈಗಿಂತ ಎತ್ತರದಲ್ಲಿ.